ಆರು ಓಟಗಳ ಲೆಕ್ಕ

ಆಟದಲ್ಲಿ ಸೋಲು ಗೆಲುವು ಇದ್ದದ್ದೇ ಎಂದು ನಾವೆಲ್ಲರೂ ಬಹು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಎಲ್ಲ ಸೋಲುಗಳೂ ಒಂದೇ ತೆರನಾದವುಗಳಲ್ಲ. ಎದುರಾಳಿಯು ನಮಗಿಂತ ಎಷ್ಟೋ ಪಾಲು ಬಲಶಾಲಿಯಾಗಿದ್ದಾಗ ಬರುವ ಸೋಲನ್ನು ಮನಸ್ಸು ಬೇಗನೆ ಮರೆಯುತ್ತದೆ. ಗೆಲುವು ಕೈಗೆ ಎಟುಕುವಷ್ಟು ಹತ್ತಿರ ಬಂದು ಜಾರಿ ಹೋದಾಗ ಮಾತ್ರ ಆ ಸೋಲು ಬಹುಕಾಲ ಕುಟುಕುತ್ತದೆ. ಆಗ ನಾವು ಮಾಡುವ ಮೊದಲ ಕೆಲಸವೆಂದರೆ ತಪ್ಪಿತಸ್ಥನನ್ನು ಹುಡುಕುವುದು. ಹಾಗೆ ಹುಡುಕುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಪ್ರಸಿದ್ಧ ಪಂದ್ಯದ ಮೂಲಕ ವಿಚಾರ ಮಾಡೋಣ. ಅದು 2010ರ ಜನವರಿ 11ರಿಂದ 14ರವರೆಗೆ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬಯಿ ತಂಡಗಳ ನಡುವೆ ನಡೆದ ರಣಜಿ ಟ್ರೋಫಿಯ ಅಂತಿಮ ಪಂದ್ಯ.

ಮೊದಲು ರಣಜಿ ಟ್ರೋಫಿಯ ವಿಷಯವಾಗಿ ಎರಡು ಮಾತು. ಮಹಾನ್ ದಾಂಡಿಗರಾಗಿದ್ದ ರಣಜಿತ್‌ಸಿಂಹಜಿಯವರ ಹೆಸರಿನಲ್ಲಿ 1934ರಲ್ಲಿ ಆರಂಭವಾದ ಈ ಸ್ಪರ್ಧೆಯು ನಮ್ಮ ದೇಶದ ಪ್ರಾಂತೀಯ ತಂಡಗಳ ನಡುವೆ ನಡೆಯುತ್ತದೆ. ನಮ್ಮ ಮಹಾರಾಷ್ಟ್ರ ರಾಜ್ಯ ಒಂದೇ ಆದರೂ ಇಲ್ಲಿಂದ ಮುಂಬಯಿ, ಮಹಾರಾಷ್ಟ್ರ, ವಿದರ್ಭ ಎಂಬ ಮೂರು ಬೇರೆ ಬೇರೆ ತಂಡಗಳು ಆಡುತ್ತವೆ. ನಮ್ಮ ಸೋಲಾಪುರ ಜಿಲ್ಲೆಯು ಪುಣೆಯಲ್ಲಿ ಕೇಂದ್ರವಿರುವ ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಗೆ ಸೇರಿದ್ದು. ಅಂದಮೇಲೆ ಅಕ್ಕಲಕೋಟೆಯ ಹುಡುಗನಿಗೆ ಆಡಳಿತದ ಲೆಕ್ಕದಲ್ಲಿ ಮುಂಬಯಿ ತಂಡವೂ ಪರರದೇ, ಕರ್ನಾಟಕ ತಂಡವೂ ಪರರದೇ. ಆದರೆ ಮನಸ್ಸಿನ ಲೆಕ್ಕವೇ ಬೇರೆ. ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ. ಮುಂಬಯಿಯ ನಾಯಕರಾಗಿಯೂ ಭಾರತದ ನಾಯಕರಾಗಿಯೂ ಆಡಿದ ಪಾಲಿ ಉಮ್ರಿಗರರು ಹುಟ್ಟಿದ್ದು ಸೋಲಾಪುರದಲ್ಲಿ ಎಂದು ದಾಖಲೆಗಳು ಹೇಳುತ್ತವೆ. ಹೀಗಾಗಿ ಕರ್ನಾಟಕಕ್ಕೂ ಮುಂಬಯಿಗೂ ಪಂದ್ಯವಾದಾಗ ಒಂದೇ ಬೆಂಚಿನ ಮೇಲೆ ಕುಳಿತ ನಮ್ಮ ವಿದ್ಯಾರ್ಥಿಗಳು ಎರಡು ಪಕ್ಷವಾಗುವುದು ಸಹಜ.

ಮುಂಬಯಿಯು ಈ ಸ್ಪರ್ಧೆಯ ಚಕ್ರವರ್ತಿಯೇ ಸರಿ. 1958-59ರಿಂದ 1972-73ರವರೆಗೆ ಸತತ 15 ಬಾರಿ ಅದು ಪ್ರಶಸ್ತಿಯನ್ನು ಬೇರಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆ ಸರಪಳಿಯನ್ನು 1973-74ರಲ್ಲಿ ಕಡಿದು ಮೊದಲ ಬಾರಿಗೆ ಪ್ರಶಸ್ತಿ ಪಡೆದದ್ದು ಪ್ರಸನ್ನರ ನಾಯಕತ್ವದ ಕರ್ನಾಟಕ ತಂಡ. ಮುಂದೆ 1998-99ರ ಹೊತ್ತಿಗೆ ಕರ್ನಾಟಕವು ಆರು ಬಾರಿ ಗೆದ್ದಿತ್ತು. ಆಮೇಲೆ ಹತ್ತು ವರ್ಷಗಳ ಬರಗಾಲ. ಆದುದರಿಂದ 2010ರಲ್ಲಿ ತಮ್ಮದೇ ನೆಲವಾದ ಮೈಸೂರಿನಲ್ಲಿ ಅಂತಿಮ ಪಂದ್ಯವು ಒದಗಿ ಬಂದಾಗ ಜನರ ಉತ್ಸಾಹ ಎಷ್ಟಿದ್ದಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಭಾರತ ತಂಡವು ಬಾಂಗ್ಲಾದೇಶದ ಪ್ರವಾಸದಲ್ಲಿದ್ದುದರಿಂದ ರಾಹುಲ್ ದ್ರಾವಿಡರಾಗಲಿ ಸಚಿನ್ ತೆಂಡುಲ್ಕರರಾಗಲಿ ಈ ಪಂದ್ಯದಲ್ಲಿ ಆಡಲಿಲ್ಲ. ಕರ್ನಾಟಕಕ್ಕೆ ರಾಬಿನ್ ಉತ್ತಪ್ಪ, ಮುಂಬಯಿಗೆ ವಾಸಿಂ ಜಾಫರ್ ನಾಯಕರು.

ಈಗ ಪಂದ್ಯದ ಲೆಕ್ಕವನ್ನು ನೋಡೋಣ. ರಣಜಿ ಪಂದ್ಯದಲ್ಲಿ ಪ್ರತಿಯೊಂದು ತಂಡಕ್ಕೂ ಎರಡೆರಡು ಸರದಿಗಳು. ಮೊದಲ ಸರದಿಯಲ್ಲಿ ಮುಂಬಯಿ 233 ಓಟಗಳನ್ನು ಗಳಿಸಿತು. ಇದಕ್ಕೆ ಉತ್ತರವಾಗಿ ಕರ್ನಾಟಕವು ಕೇವಲ 130ಕ್ಕೆ ಮುಗಿಯಿತು. ವೇಗದ ಎಸೆಗಾರ ಆವಿಷ್ಕಾರ್ ಸಾಳ್ವಿ 31 ಓಟಗಳನ್ನು ಕೊಟ್ಟು 5 ವಿಕೆಟ್ ಕಿತ್ತರು. ಹೀಗೆ 103 ಓಟಗಳ ಸಾಲವು ಆರಂಭದಲ್ಲಿಯೇ ಕರ್ನಾಟಕದ ತಲೆಯ ಮೇಲೆ ಬಂತು. ಅಂತಿಮ ಪಂದ್ಯವು ಡ್ರಾ ಆದರೆ ಮೊದಲ ಸರದಿಯಲ್ಲಿ ಮುಂದಿದ್ದ ತಂಡಕ್ಕೇ ಪ್ರಶಸ್ತಿ ಎಂಬುದು ನಿಯಮ. ಆದುದರಿಂದ ಕರ್ನಾಟಕಕ್ಕೆ ಗೆಲ್ಲುವುದೊಂದೇ ದಾರಿ ಉಳಿಯಿತು.

ಮುಂಬಯಿಯ ಎರಡನೆಯ ಸರದಿಯಲ್ಲಿ ಕರ್ನಾಟಕದ ತರುಣ ಎಸೆಗಾರ ಅಭಿಮನ್ಯು ಮಿಥುನ್ 6 ವಿಕೆಟ್ ಪಡೆದರು. ಅದೇ ವರ್ಷ ಅವರಿಗೆ ಭಾರತದ ಟೆಸ್ಟ್ ತಂಡದಲ್ಲಿ ಆಡುವ ಭಾಗ್ಯವೂ ಲಭಿಸಿತು. ಆದರೆ ಎಸೆತಕ್ಕಾಗಿಯೇ ತಂಡದಲ್ಲಿದ್ದ ಧವಳ್ ಕುಲಕರ್ಣಿ ದಾಂಡು ಹಿಡಿದು ನಿಂತು 87 ಓಟಗಳನ್ನು ಹೊಡೆದರು. ತಂಡದ ಮೊತ್ತ 234ಕ್ಕೆ ಏರಿತು. ಕರ್ನಾಟಕಕ್ಕೆ ಗೆಲ್ಲಲು ಬೇಕಾದದ್ದು 338 ಓಟಗಳು. ಮೊದಲ ಸರದಿಯಲ್ಲಿ 130ಕ್ಕೆ ಕುಸಿದಿದ್ದ ತಂಡಕ್ಕೆ ಇದು ಬೆಟ್ಟದಂತಹ ಗುರಿ.

ಆ ಬೆಟ್ಟವನ್ನು ಹತ್ತಲು ಹೊರಟವರು ಇಬ್ಬರು ಹುಡುಗರು. ಮೂರು ವಿಕೆಟ್‌ಗಳು ಬೇಗನೆ ಉರುಳಿದ ಮೇಲೆ 20 ವರ್ಷದ ಮನೀಷ್ ಪಾಂಡೆ ಮತ್ತು 21 ವರ್ಷದ ಗಣೇಶ್ ಸತೀಶ್ ಜೊತೆಗೂಡಿ ಇನ್ನೂರಕ್ಕೂ ಹೆಚ್ಚು ಓಟಗಳನ್ನು ಕೂಡಿಸಿದರು. ಪಾಂಡೆ 144, ಸತೀಶ್ 75. ಗೆಲುವು ಕಣ್ಣಿಗೆ ಕಾಣತೊಡಗಿತು. ಆದರೆ ಈ ಜೋಡಿ ಮುರಿದದ್ದೇ ತಡ, ಕಟ್ಟೆ ಒಡೆದ ಕೆರೆಯಂತೆ ವಿಕೆಟ್‌ಗಳು ಹರಿದುಹೋದವು. ಅನುಭವಿ ಅಜಿತ್ ಅಗರ್ಕರ್ 5 ವಿಕೆಟ್ ಪಡೆದರು. ಕರ್ನಾಟಕ 331ಕ್ಕೆ ಮುಗಿಯಿತು. ಮುಂಬಯಿಗೆ ಅದು 39ನೆಯ ಪ್ರಶಸ್ತಿ.

ಅಂದು ಮಕರ ಸಂಕ್ರಾಂತಿ. ನಮ್ಮ ಸೋಲಾಪುರದಲ್ಲಿ ನಂದಿಧ್ವಜಗಳನ್ನು ಹೊತ್ತು ಸಿದ್ಧರಾಮೇಶ್ವರ ಜಾತ್ರೆ ನಡೆಯುವ ಕಾಲ. ಹಬ್ಬದ ದಿನವೇ ಮೈಸೂರಿನ ಮೈದಾನದಿಂದ ಜನರು ಎಳ್ಳು ಬೆಲ್ಲದ ಸವಿಯನ್ನೆಲ್ಲ ಮರೆತು ಮನೆಗೆ ಹೋಗಬೇಕಾಯಿತು.

ಇಲ್ಲಿ ಒಂದು ಸಣ್ಣ ಗಣಿತವಿದೆ. ಗುರಿ 338, ಗಳಿಸಿದ್ದು 331, ಅಂದರೆ ಕಡಿಮೆಯಾದದ್ದು 7 ಓಟ. ಹಾಗಿದ್ದರೆ ‘6 ಓಟಗಳ ಸೋಲು’ ಎನ್ನುವುದೇಕೆ ಎಂದು ಕೆಲವು ವಿದ್ಯಾರ್ಥಿಗಳು ಕೇಳುವುದುಂಟು. ಮುಂಬಯಿಯ ಎರಡು ಸರದಿಗಳನ್ನು ಕೂಡಿಸಿದರೆ 467, ಕರ್ನಾಟಕದವುಗಳನ್ನು ಕೂಡಿಸಿದರೆ 461. ವ್ಯತ್ಯಾಸ 6. ಇನ್ನೂ 6 ಓಟ ಬಂದಿದ್ದರೆ ಎರಡೂ ಸಮಸಮ, ಏಳನೆಯದು ಗೆಲುವಿನ ಓಟ. ಆದುದರಿಂದ ಗೆಲ್ಲಲು ಬೇಕಾದದ್ದು 7, ಸೋತದ್ದು 6ರಿಂದ.

ಈ 6 ಓಟಗಳನ್ನು ಕಳೆದವರು ಯಾರು? ಕೊನೆಗೆ ಔಟಾದವನೇ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಏಕೆಂದರೆ ಸೋಲು ನಮ್ಮ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಅಲ್ಲಿ ನಿಂತಿದ್ದವನು ಅವನು. ಆದರೆ ಲೆಕ್ಕದ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿರಿ. ಮೊದಲ ಸರದಿಯಲ್ಲಿ ಯಾರಾದರೊಬ್ಬ ದಾಂಡಿಗ ಇನ್ನು ಎರಡು ಬೌಂಡರಿ ಹೊಡೆದಿದ್ದರೆ ಸಾಕಾಗಿತ್ತು. ಕುಲಕರ್ಣಿ 87ರ ಬದಲಿಗೆ 80ಕ್ಕೆ ಔಟಾಗಿದ್ದರೂ ಸಾಕಾಗಿತ್ತು. ನಾಲ್ಕು ದಿನಗಳಲ್ಲಿ ಒಟ್ಟು 928 ಓಟಗಳು ಹರಿದಿವೆ. ಅವುಗಳಲ್ಲಿ ಈ ಆರು ಎಲ್ಲಿ ಬೇಕಾದರೂ ಸಿಗಬಹುದಿತ್ತು. ಅಂತರ ಕಿರಿದಾದಷ್ಟೂ ಅದರ ಕಾರಣಗಳು ಹೆಚ್ಚುತ್ತವೆ. ಹನ್ನೊಂದು ಜನ ಹಂಚಿಕೊಳ್ಳಬೇಕಾದ ಭಾರವನ್ನು ಒಬ್ಬನ ಹೆಗಲಿಗೆ ಹೊರಿಸುವುದು ಅನ್ಯಾಯವಷ್ಟೇ ಅಲ್ಲ, ತಪ್ಪು ಲೆಕ್ಕವೂ ಹೌದು.

ಹಾಗಾದರೆ ಮೊದಲ ಸರದಿಯೊಂದನ್ನು ಚೆನ್ನಾಗಿ ಆಡಿದರೆ ಸಾಕೇ? ಸಾಲದು ಎಂಬುದಕ್ಕೆ ಇನ್ನೊಂದು ಪಂದ್ಯವು ಸಾಕ್ಷಿ. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದಲ್ಲಿ ಕರ್ನಾಟಕಕ್ಕೂ ವಿದರ್ಭಕ್ಕೂ ಉಪಾಂತ್ಯ ಪಂದ್ಯ. ಈ ಸಲ ವಿದರ್ಭ 185, ಕರ್ನಾಟಕ 301. ಸಾಲವು ಎದುರಾಳಿಯ ತಲೆಯ ಮೇಲೆ! ಆದರೆ ವಿದರ್ಭವು ಎರಡನೆಯ ಸರದಿಯಲ್ಲಿ 313 ಮಾಡಿತು. ಗುರಿಯಾದರೋ ಕೇವಲ 198. ನಾಲ್ಕನೆಯ ದಿನದ ಕೊನೆಗೆ ಕರ್ನಾಟಕವು 111ಕ್ಕೆ 7 ವಿಕೆಟ್ ಕಳೆದುಕೊಂಡಿತ್ತು. ಮರುದಿನ ಬಾಲಂಗೋಚಿಗಳೆನಿಸಿದ ದಾಂಡಿಗರು ಹೋರಾಡಿ ಮೊತ್ತವನ್ನು 192ರವರೆಗೆ ಎಳೆದುತಂದರು. 5 ಓಟಗಳಿಂದ ಸೋಲು. ವಿದರ್ಭದ ರಜನೀಶ್ ಗುರ್ಬಾನಿ ಪಂದ್ಯದಲ್ಲಿ ಒಟ್ಟು 12 ವಿಕೆಟ್ ಪಡೆದರು. ಇಲ್ಲಿ ಕೊನೆಗೆ ಔಟಾದವರನ್ನು ದೂರುವುದಾದರೆ, ಸೋತೇಹೋಗಿದ್ದ ಪಂದ್ಯವನ್ನು ಗೆಲುವಿನ ಅಂಚಿಗೆ ತಂದವರನ್ನೇ ದೂರಿದಂತಾಗುತ್ತದೆ.

ಇನ್ನು ಮೈಸೂರಿನ ಸೋಲಿನ ಮುಂದಿನ ಕಥೆ. ನಾಲ್ಕು ವರ್ಷಗಳ ನಂತರ, 2014ರಲ್ಲಿ ಹೈದರಾಬಾದಿನಲ್ಲಿ ಕರ್ನಾಟಕವು ಪುನಃ ಅಂತಿಮ ಪಂದ್ಯವನ್ನಾಡಿತು. ಎದುರಾಳಿ ನಮ್ಮದೇ ಜಿಲ್ಲೆಯನ್ನೊಳಗೊಂಡ ಮಹಾರಾಷ್ಟ್ರ ತಂಡ. ಕೆ. ಎಲ್. ರಾಹುಲ್ 131, ಗಣೇಶ್ ಸತೀಶ್ 117 ಹೊಡೆದರು. ಕರ್ನಾಟಕವು 7 ವಿಕೆಟ್‌ಗಳಿಂದ ಗೆದ್ದು ಏಳನೆಯ ಪ್ರಶಸ್ತಿಯನ್ನು ಪಡೆಯಿತು. ಮೈಸೂರಿನಲ್ಲಿ 75 ಹೊಡೆದೂ ಸೋತು ಬಂದ ಹುಡುಗನೇ ಈ ಸತೀಶ್. ಮೈಸೂರಿನ ತಂಡದಲ್ಲಿದ್ದ ಎಸೆಗಾರ ವಿನಯ್ ಕುಮಾರರೇ ಈಗ ನಾಯಕ. ಮರುವರ್ಷ ಮುಂಬಯಿಯ ವಾಂಖೆಡೆ ಮೈದಾನದಲ್ಲಿಯೇ ತಮಿಳುನಾಡನ್ನು ಸೋಲಿಸಿ ಎಂಟನೆಯ ಪ್ರಶಸ್ತಿ. ಸೋಲು ಅವರನ್ನು ಒಡೆಯಲಿಲ್ಲ. ಸೋತವರನ್ನು ಹೊರಗೆ ತಳ್ಳದೆ ಉಳಿಸಿಕೊಂಡುದರಿಂದಲೇ ಆ ಅನುಭವವು ತಂಡದೊಳಗೇ ಉಳಿಯಿತು.

ಈ ಸತೀಶರ ಕಥೆಯಲ್ಲಿ ಗಡಿಯವರಾದ ನಮಗೆ ಮತ್ತೊಂದು ಸ್ವಾರಸ್ಯವಿದೆ. ಅವರು ಆಮೇಲೆ ವಿದರ್ಭ ತಂಡವನ್ನು ಸೇರಿದರು. ಮೇಲೆ ಹೇಳಿದ ಕೋಲ್ಕತ್ತದ ಪಂದ್ಯದಲ್ಲಿ ವಿದರ್ಭದ ಎರಡನೆಯ ಸರದಿಗೆ ಬಲ ಕೊಟ್ಟವರಲ್ಲಿ ಅವರೂ ಒಬ್ಬರು! ಆ ವರ್ಷ ವಿದರ್ಭವು ಮೊದಲ ಬಾರಿಗೆ ರಣಜಿ ಗೆದ್ದಿತು. ಹಾಗಿದ್ದ ಮೇಲೆ ಸತೀಶ್ ಯಾರವರು? ಕರ್ನಾಟಕದವರೋ, ಮಹಾರಾಷ್ಟ್ರದವರೋ? ಎರಡೂ ಕಡೆಯವರು ಎನ್ನುವುದೇ ಸರಿಯಾದ ಉತ್ತರ. ಅಕ್ಕಲಕೋಟೆಯ ಮಕ್ಕಳಿಗೆ ಈ ಉತ್ತರವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ವಿದ್ಯಾರ್ಥಿ ಮಿತ್ರರೇ, ಪ್ರತಿವರ್ಷವೂ ತಾಲೂಕು ಮಟ್ಟದ ಖೋ ಖೋ, ಕಬಡ್ಡಿ ಪಂದ್ಯಗಳಿಂದ ಶಾಲೆಯ ತಂಡಗಳು ಮರಳುವುದನ್ನು ನಾವು ನೋಡುತ್ತೇವೆ. ಒಂದೆರಡು ಅಂಕಗಳಿಂದ ಸೋತ ದಿನ ಗಾಡಿಯಲ್ಲಿ ಯಾರೂ ಒಬ್ಬ ಹುಡುಗನ ಪಕ್ಕದಲ್ಲಿ ಕುಳಿತುಕೊಳ್ಳುವುದಿಲ್ಲ. ಕೊನೆಯ ದಾಳಿಗೆ ಹೋಗಿ ಸಿಕ್ಕಿಬಿದ್ದವನು ಅವನು. ಅವನು ಮರುದಿನದಿಂದ ಆಟದ ಬಯಲಿಗೆ ಬರುವುದನ್ನೇ ಬಿಟ್ಟರೆ ನಾವು ಕಳೆದುಕೊಳ್ಳುವುದು ಎರಡು ಅಂಕಗಳನ್ನಲ್ಲ, ಒಬ್ಬ ಆಟಗಾರನನ್ನು. ಇಂತಹ ದಿನ ಮಾಡಬೇಕಾದ ಕೆಲಸ ಒಂದಿದೆ. ಪ್ರತಿಯೊಬ್ಬನೂ ತಾನು ಬಿಟ್ಟುಕೊಟ್ಟ ಒಂದು ಅಂಕ ಯಾವುದೆಂದು ನೆನಪಿಸಿಕೊಂಡು ಹೇಳಬೇಕು. ಎಲ್ಲರೂ ಹೇಳಿ ಮುಗಿಸುವಷ್ಟರಲ್ಲಿ ಆ ಎರಡು ಅಂಕಗಳಿಗೆ ಹತ್ತಾರು ಜವಾಬುದಾರರು ಸಿಕ್ಕಿರುತ್ತಾರೆ. ಮರುದಿನದ ಅಭ್ಯಾಸಕ್ಕೆ ಬೇಕಾದ ಪಾಠವೂ ಅಲ್ಲಿಯೇ ಸಿದ್ಧವಾಗಿರುತ್ತದೆ.