ಮಂಗಳೂರಿನ ವರ್ತಕ, ತೋರಾದ ಪಂಡಿತ

ಹುನಗುಂದ ತಾಲೂಕಿನ ಐಹೊಳೆಗೆ ಹೋದವರು ಗುಡಿಗಳನ್ನು ನೋಡಿ ಮರಳುತ್ತಾರೆ. ಆ ಊರಿನ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಕಡಲಾಚೆಗೂ ವ್ಯಾಪಾರ ಬೆಳೆಸಿತ್ತು. ಸುಮಾತ್ರಾದಲ್ಲಿ ಅದರ 1088ರ ಶಾಸನವಿದೆ. ಪಡುವಣ ಕಡಲಿನಲ್ಲಿ ಆಗ ಯಹೂದಿ ವರ್ತಕರೂ ಓಡಾಡುತ್ತಿದ್ದರು. ಯೆಮನ್ನಿನ ಬಂದರು ಏಡನ್ನಿನಿಂದ ಅವರು ಬರೆದ ಪತ್ರಗಳಲ್ಲಿ ‘ಫತನ್‌ಸ್ವಾಮಿ’ಯ ಹಡಗಿನ ಮಾತು ಬರುತ್ತದೆ. ನಮ್ಮ ಶಾಸನಗಳಲ್ಲಿ ಬರುವ ವರ್ತಕ ಮುಖಂಡ ಪಟ್ಟಣಸ್ವಾಮಿ ಇವನೇ ಎನ್ನುತ್ತಾರೆ ವಿದ್ವಾಂಸರು.

ಅಂಥ ವರ್ತಕರಲ್ಲೊಬ್ಬ ಅಬ್ರಹಾಂ ಬೆನ್ ಯಿಜು. ಹುಟ್ಟೂರು ಟ್ಯುನೀಷಿಯಾದ ಮಹದಿಯಾ. 1132ರಿಂದ 1149ರವರೆಗಿನ ಹೆಚ್ಚು ಕಾಲವನ್ನು ಆತ ಕರಾವಳಿಯಲ್ಲೇ, ಬಹುಪಾಲು ಮಂಗಳೂರಿನಲ್ಲಿ, ಕಳೆದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿನಿಂದ ಬಂದ ಒಡೆದ ಕಂಚಿನ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುತ್ತಿದ್ದ. 1132ರ ಅಕ್ಟೋಬರಿನಲ್ಲಿ ಅಶು ಎಂಬ ದಾಸಿಯನ್ನು ಯಹೂದಿ ಧರ್ಮಶಾಸ್ತ್ರದ ವಿಧಿಯಂತೆ ಬಿಡುಗಡೆ ಮಾಡಿದ. ಆತನ ಮಕ್ಕಳ ತಾಯಿ ಅವಳೇ ಎಂಬುದು ಪಂಡಿತರ ಊಹೆ.

ಕರಾವಳಿಯಲ್ಲಿ ಬರೆಯಲು ತಾಳೆಗರಿ ಬಳಸುತ್ತಿದ್ದ ಕಾಲ ಅದು. ಬೆನ್ ಯಿಜುವಿಗೆ ಕಾಗದವೇ ಬೇಕು. ಏಡನ್ನಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿಯ ಜೊತೆ ಅದನ್ನೂ ಕಳಿಸುತ್ತಿದ್ದರು. ಬಂದ ಪತ್ರಗಳ ಖಾಲಿ ಜಾಗವನ್ನೂ ಆತ ಬಿಡಲಿಲ್ಲ. ಲೆಕ್ಕ, ಹೀಬ್ರೂ ಪದ್ಯ, ಧರ್ಮಶಾಸ್ತ್ರದ ಪ್ರಶ್ನೋತ್ತರ ಎಲ್ಲ ಆತನ ಕೈಬರಹದಲ್ಲಿವೆ. ವರ್ತಕನೊಬ್ಬ ಧರ್ಮಶಾಸ್ತ್ರ ಬರೆದದ್ದರಲ್ಲಿ ಅಚ್ಚರಿಯೇನೂ ಇಲ್ಲ. ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಅವುಗಳ ಸುತ್ತ ಬೆಳೆದ ಮಿಶ್ನಾ, ತಲ್ಮೂದ್‌ಗಳ ಚರ್ಚೆಯೂ ಅದೇ ಓದಿಗೆ ಸೇರಿದ್ದು. ಅದು ಪುರೋಹಿತರ ಸ್ವತ್ತಲ್ಲ. ಹಗಲು ಮೆಣಸು ತೂಗಿದವನೇ ಸಂಜೆ ನ್ಯಾಯ ಹೇಳಬಹುದಿತ್ತು.

ಆ ಶತಮಾನದ ದೊಡ್ಡ ಯಹೂದಿ ಚಿಂತಕ ಮೈಮೋನಿಡೀಸ್‌ನ ಓದಿಗೂ ಹಣ ಹರಿದದ್ದು ವ್ಯಾಪಾರದಿಂದಲೇ. ತಮ್ಮ ದಾವೀದ್ ದುಡಿದು ಸಾಕುತ್ತಿದ್ದ. ಭಾರತಕ್ಕೆ ಹೊರಟ ಆ ತಮ್ಮ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ. ಆಮೇಲೆ ವೈದ್ಯವೃತ್ತಿಯೇ ಜೀವನವಾಯಿತು. ಅದರ ನಡುವೆಯೇ ಧರ್ಮಶಾಸ್ತ್ರವನ್ನೆಲ್ಲ ಹದಿನಾಲ್ಕು ಭಾಗಗಳ ‘ಮಿಶ್ನೆ ತೋರಾ’ದಲ್ಲಿ ಅಡಕಗೊಳಿಸಿದ. ಅದೇ ಶತಮಾನದ ಆಸುಪಾಸಿನಲ್ಲಿ ಕಲ್ಯಾಣದ ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದದ್ದು ನೆನಪಾಗುತ್ತದೆ. ಆದರೆ ವಿಜ್ಞಾನೇಶ್ವರ ವ್ಯಾಖ್ಯಾನಕಾರ, ಮೈಮೋನಿಡೀಸ್ ಆಕರಗಳ ಹೆಸರನ್ನೇ ಹೇಳದೆ ತೀರ್ಪು ಬರೆದವನು, ಅದಕ್ಕೆ ಬೈಸಿಕೊಂಡ.

ಸುಮಾರು 1190ರಲ್ಲಿ ಮುಗಿಸಿದ ‘ಗೊಂದಲಗೊಂಡವರಿಗೆ ದಾರಿದೀಪ’ದಲ್ಲಿ ಆತನ ವಾದ ಇನ್ನೂ ಕಟು. ತೋರಾದಲ್ಲಿ ದೇವರ ಕೈ, ಕಣ್ಣು ಎಂದಿರುವುದೆಲ್ಲ ರೂಪಕ, ದೇವರಿಗೆ ಶರೀರವಿಲ್ಲ, ಆತ ಏನಲ್ಲ ಎಂದು ಹೇಳಬಹುದೇ ಹೊರತು ಏನು ಎಂದು ಹೇಳಲಾಗದು. ಕೂಡಲಸಂಗಮದ ನೆಲದ ಓದುಗರಿಗೆ ಅಲ್ಲಮನ ಬಯಲು ನೆನಪಾಗದಿರದು. ಹೋಲಿಸಲು ಅವಸರ ಬೇಡ. ಅರಿಸ್ಟಾಟಲ್‌ನ ತರ್ಕ ಹಿಡಿದು ಅಲ್ಲಿಗೆ ತಲುಪಿದ ಮೈಮೋನಿಡೀಸ್ ಒಂದು ವಿಧಿಯನ್ನೂ ಕೈಬಿಡಲಿಲ್ಲ. ಪ್ರತಿಯೊಂದಕ್ಕೂ ಕಾರಣ ಹುಡುಕಿದ. ಶರಣರು ವಿಧಿಯನ್ನೇ ಪ್ರಶ್ನಿಸಿದರು.

ಬೆನ್ ಯಿಜುವಿನ ಬದುಕು ನಮಗೆ ತಿಳಿದದ್ದಕ್ಕೆ ಕಾರಣ, ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬ ಕಟ್ಟಳೆ. ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯಲ್ಲಿ ಹಾಳೆಗಳು ಶತಮಾನಗಟ್ಟಲೆ ಉಳಿದವು. 1897ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಲಕ್ಷಕ್ಕೂ ಮಿಕ್ಕಿ ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದ. ಬೆನ್ ಯಿಜುವಿನ ಮಂಗಳೂರು ಪತ್ರಗಳೂ ಮೈಮೋನಿಡೀಸ್‌ನ ಕೈಬರಹವೂ ಅದೇ ಕೋಣೆಯಲ್ಲಿ ಸಿಕ್ಕವು.