ಸುಳಿ ನೋಡಿ ಎಣ್ಣೆ ಹೊಡೆಯಿರಿ

ಕುಕನೂರು ಸೀಮೆಯ ಎರೆ ಹೊಲದಲ್ಲಿ ಹಿಂಗಾರಿಗೆ ಜೋಳ, ಕಡಲೆ. ಮಸಾರಿಯಲ್ಲಿ ಮುಂಗಾರಿಗೆ ಗೋವಿನಜೋಳ, ಸಜ್ಜೆ. ಗೋವಿನಜೋಳ ಮೊಳಕೆಯೊಡೆದು ಎರಡು ವಾರವಾಗುವಷ್ಟರಲ್ಲಿ ಬದುವಿನ ಮೇಲೆ ಶುರುವಾಗುವ ಮಾತು ಒಂದೇ: "ಎಣ್ಣಿ ಹೊಡದ್ರೇನು?" ಪಕ್ಕದ ಹೊಲದವರು ಪಂಪು ಬೆನ್ನಿಗೇರಿಸಿದರೆ ನಮಗೂ ಅವಸರ. ಹೀಗೆ ಅವಸರಕ್ಕೆ ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಎಷ್ಟೋ ಸಲ ಹುಳುವಿಗೆ ಮುಟ್ಟುವುದೇ ಇಲ್ಲ. ಸುಳಿ ಎಣಿಸಿ ನೋಡಿದ ಮೇಲೆಯೇ ಎಣ್ಣೆಯ ದಿನ ಗೊತ್ತುಮಾಡಬೇಕು. ಅದು ಹೇಗೆಂಬುದೇ ಈ ಅಧ್ಯಾಯ.

ಹೊರಗಿನಿಂದ ಬಂದ ಹುಳು

ಈಗ ಗೋವಿನಜೋಳದ ಸುಳಿ ತಿನ್ನುವ ಮುಖ್ಯ ಶತ್ರು ಫಾಲ್ ಸೈನಿಕ ಹುಳು. ಇದರ ತವರು ಅಮೆರಿಕ ಖಂಡದ ಉಷ್ಣ ನಾಡುಗಳು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮ ರಾಜ್ಯದಲ್ಲೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ಕಂಡ ಹುಳುವನ್ನು ಅಲ್ಲಿನ ಕೃಷಿ ಮಹಾವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಪತ್ತೆಹಚ್ಚಿ ವರದಿ ಮಾಡಿದರು.

ಗುರುತು ಸುಲಭ. ಬೆಳೆದ ಹುಳುವಿನ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿ ಬರೆದಂಥ ಬಿಳಿಗೆರೆ ಇರುತ್ತದೆ. ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿಗಳಿರುತ್ತವೆ.

ಹುಳುವಿನ ವಯಸ್ಸು

ಹೆಣ್ಣು ಪತಂಗ ರಾತ್ರಿ ಹೊತ್ತು ಎಲೆಯ ಮೇಲೆ ನೂರಿನ್ನೂರು ಮೊಟ್ಟೆಗಳನ್ನು ಗುಂಪಾಗಿ ಇಟ್ಟು ಮೇಲೆ ಕೂದಲಿನಂಥ ಹೊದಿಕೆ ಹಾಸುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತವೆ. ಮರಿಗಳು ಎಲೆಯ ಹಸಿರನ್ನು ಕೆರೆದು ತಿನ್ನುವುದರಿಂದ ಎಲೆಯಲ್ಲಿ ಕಾಗದದಷ್ಟು ತೆಳ್ಳಗಿನ ಬಿಳಿ ಕಿಟಕಿಗಳು ಮೂಡುತ್ತವೆ. ಹುಳು ಆರು ಹಂತ ದಾಟಿ ಎರಡರಿಂದ ಮೂರು ವಾರದಲ್ಲಿ ಬೆಳೆದು ಮಣ್ಣಿಗಿಳಿದು ಕೋಶವಾಗುತ್ತದೆ.

ಎಲೆಯನ್ನು ಹೆಚ್ಚು ಮುಕ್ಕುವುದು ಕೊನೆಯ ಎರಡು ಹಂತದ ಹುಳು. ಅಷ್ಟರಲ್ಲಿ ಅದು ಸುಳಿಯ ಆಳಕ್ಕಿಳಿದು, ಹಗೇವಿನ ಬಾಯಿ ಮುಚ್ಚಿದ ಹಾಗೆ, ತನ್ನ ಹಿಕ್ಕೆಯಿಂದಲೇ ಮೇಲೆ ಮುಚ್ಚಿಕೊಂಡಿರುತ್ತದೆ. ಆಗ ಎಷ್ಟು ಎಣ್ಣೆ ಸುರಿದರೂ ಒಳಗೆ ಇಳಿಯದು. ಹುಳು ಎರಡನೆಯ, ಮೂರನೆಯ ಹಂತದಲ್ಲಿದ್ದಾಗ ಹೊಡೆದರೆ ಮಾತ್ರ ಎಣ್ಣೆ ತಾಕುತ್ತದೆ. ಈ ಅವಕಾಶ ಇರುವುದು ಕೆಲವೇ ದಿನ. ಹೊಲ ನೋಡದವರಿಗೆ ಅದು ತಪ್ಪಿಹೋಗುತ್ತದೆ.

ಬಲೆ ಕೊಡುವ ಸುಳಿವು

ಮೊದಲ ಸುಳಿವು ಮೋಹಕ ಬಲೆಯದು. ಬಲೆಯ ಲ್ಯೂರ್‌ನಲ್ಲಿ ಹೆಣ್ಣು ಪತಂಗದ ವಾಸನೆಯನ್ನು ಹೋಲುವ ರಾಸಾಯನಿಕ ಇರುತ್ತದೆ. ಅದಕ್ಕೆ ಮರುಳಾಗಿ ಗಂಡು ಪತಂಗಗಳು ಬಂದು ಬೀಳುತ್ತವೆ. ಬೆಳೆ ಹುಟ್ಟುವ ಹೊತ್ತಿಗೇ ಎಕರೆಗೆ 5 ಬಲೆ ಕಟ್ಟಿ, ಬೆಳೆ ಏರಿದಂತೆ ಬಲೆಯನ್ನೂ ಏರಿಸಬೇಕು. ಈ ಹುಳುವಿನದೇ ಲ್ಯೂರ್ ಕೇಳಿ ತನ್ನಿ. ಕಡಲೆಯ ಕಾಯಿಕೊರಕದ ಲ್ಯೂರ್ ಇಲ್ಲಿ ನಡೆಯದು.

ಪತಂಗ ಬಿತ್ತೆಂದು ಅಂದೇ ಎಣ್ಣೆ ಹೊಡೆಯಬಾರದು. ಆಗ ಹೊಲದಲ್ಲಿ ಇನ್ನೂ ಮರಿಯೇ ಇಲ್ಲದಿರಬಹುದು. ಇಂದಿನಿಂದ ವಾರಕ್ಕೆರಡು ಸಲ ಹೊಲದೊಳಗೆ ಇಳಿಯಬೇಕು ಎಂಬುದಷ್ಟೇ ಬಲೆಯ ಸೂಚನೆ.

ಐವತ್ತು ಗಿಡದ ಲೆಕ್ಕ

ಬದುವಿನ ಪಕ್ಕದ ಸಾಲು ನೋಡಿ ಇಡೀ ಹೊಲದ ಹಣೆಬರಹ ಹೇಳಲಾಗದು. ಹೊಲದೊಳಗೆ ಓರೆಯಾಗಿ ಹೋಗಿ, ಬಂದು, ಮತ್ತೆ ಹೋಗಿ ಐದು ಕಡೆ ನಿಲ್ಲಿ. ಒಂದೊಂದು ಕಡೆ ಹತ್ತು ಗಿಡದ ಸುಳಿ ಬಿಡಿಸಿ ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ರೈತರಿಗೆ ಹೇಳಿಕೊಡುವ ಕ್ರಮವೂ ಇದೇ.

ಹೊಸ ಕಿಟಕಿ, ಹಸಿ ಹಿಕ್ಕೆ, ಜೀವಂತ ಹುಳು ಕಂಡ ಗಿಡವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹಳೆಯ ತೂತು ಎಲೆ ಬಿಚ್ಚಿದ ಮೇಲೂ ಉಳಿದಿರುತ್ತದೆ, ಆದರೆ ತಿಂದ ಹುಳು ಆಗಲೇ ಮಣ್ಣು ಸೇರಿರಬಹುದು. ತೂತು ಕಂಡು ಹೆದರಿ ಹೊಡೆದ ಎಣ್ಣೆ ದಂಡ.

ಎಷ್ಟಾದರೆ ಹೊಡೆಯಬೇಕು

ಹುಳು ಕಂಡ ಕೂಡಲೇ ಹೊಡೆಯುವ ಪದ್ಧತಿಯನ್ನು ಪ್ರಶ್ನಿಸಿ, 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಟರ್ನ್ ಮತ್ತು ಸಂಗಡಿಗರು ಆರ್ಥಿಕ ಮಿತಿಯ ವಿಚಾರ ಮುಂದಿಟ್ಟರು. ಬೆಳೆಗೆ ಆಗುವ ನಷ್ಟ ಎಣ್ಣೆಯ ಖರ್ಚನ್ನು ಮೀರುವ ಮಟ್ಟಕ್ಕೆ ಹುಳು ಏರುವ ಮುನ್ನ ತಡೆಯಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬಿಡಬೇಕು. ನಮ್ಮ ಗೋವಿನಜೋಳಕ್ಕೆ ಮಿತಿ ಹೀಗಿದೆ:

ಎಳೆಯ ಬೆಳೆ: ನೂರಕ್ಕೆ 5 ಗಿಡ, ಅಂದರೆ ಐವತ್ತರಲ್ಲಿ ಮೂರಕ್ಕೆ ಹಾನಿಯಾದರೆ ಬೇವಿನ ಬೀಜದ ಶೇ. 5ರ ಕಷಾಯ. 5 ಕಿಲೋ ಬೀಜದ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ಮಾಡಿಕೊಳ್ಳಬೇಕು.

ಸುಳಿ ತುಂಬಿದ ಬೆಳೆ: ನೂರಕ್ಕೆ 10ಕ್ಕಿಂತ ಹೆಚ್ಚು, ಅಂದರೆ ಐವತ್ತರಲ್ಲಿ ಐದು ದಾಟಿದರೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರ್ ನೀರಿಗೆ 0.4 ಮಿ.ಲೀ., ಇಲ್ಲವೇ ಸ್ಪೈನೆಟೋರಾಮ್ 11.7 ಎಸ್‌ಸಿ 0.5 ಮಿ.ಲೀ. ಸಂಜೆ ಅಥವಾ ಬೆಳಗಿನ ತಂಪಿನಲ್ಲಿ ಸುಳಿಯೊಳಗೆ ಬೀಳುವಂತೆ ಹೊಡೆಯಬೇಕು. ಅದೇ ಎಣ್ಣೆಯನ್ನು ಮರಳಿ ಮರಳಿ ಬಳಸಿದರೆ ಹುಳು ಅದಕ್ಕೆ ಬಗ್ಗದಂತಾಗುತ್ತದೆ.

ಸೂಲಂಗಿ ಬಂದ ಮೇಲೆ: ಎಣ್ಣೆ ಬೇಡ. ಖರ್ಚು ಗಿಟ್ಟುವುದಿಲ್ಲ, ಕಣಿಕೆ ದನಕರುಗಳ ಹೊಟ್ಟೆಗೆ ಹೋಗುವಂಥದ್ದು. ಹುಳು ಆರಿಸಿ ತೆಗೆಯುವುದೇ ದಾರಿ.

ಮಿತಿಯೊಳಗಿದ್ದಾಗ ಕೈ ತಡೆದರೆ ಇನ್ನೊಂದು ಲಾಭವಿದೆ. ಮೊಟ್ಟೆಯೊಳಗೆ ಬೆಳೆಯುವ ಟೆಲೆನೋಮಸ್, ಟ್ರೈಕೊಗ್ರಾಮಾ ಕಣಜಗಳು, ಮಳೆಗಾಲದ ತೇವದಲ್ಲಿ ಹುಳುವನ್ನು ಬಿಳಿ ಕಡ್ಡಿಯಂತೆ ಬಿರುಸಾಗಿಸಿ ಕೊಲ್ಲುವ ನೊಮುರಿಯಾ ಶಿಲೀಂಧ್ರ, ಹುಳು ಹೆಕ್ಕುವ ಹಕ್ಕಿಗಳು ಕೂಲಿಯಿಲ್ಲದೆ ದುಡಿಯುತ್ತವೆ. ಅವಸರದ ಎಣ್ಣೆಗೆ ಮೊದಲು ಬಲಿಯಾಗುವುದು ಈ ಕಣಜಗಳೇ.

ಹಿಂಗಾರಿಗೂ ಇದೇ ಪಾಠ

ಎರೆ ಹೊಲದ ಬೆಳೆಗಳಿಗೂ ಕ್ರಮ ಇದೇ, ಮಿತಿ ಮಾತ್ರ ಬೇರೆ. ಕಡಲೆಯಲ್ಲಿ ಒಂದು ಮೀಟರ್ ಸಾಲಿಗೆ ಒಂದೆರಡು ಕಾಯಿಕೊರಕ ಕಂಡರೆ ಕೈ ಹಾಕಬೇಕು. ಜೋಳದ ಸುಳಿನೊಣ ತಡವಾಗಿ ಬಿತ್ತಿದ ಹೊಲವನ್ನೇ ಹೆಚ್ಚು ಕಾಡುವುದರಿಂದ ಅಲ್ಲಿ ಹದಕ್ಕೆ ಬಿತ್ತುವುದೇ ಮೊದಲ ಮದ್ದು.

ಪ್ರತಿ ಸಲ ನೋಡಿದ ದಿನ, ಬಲೆಯ ಪತಂಗ, ಹಾನಿಯಾದ ಗಿಡ, ಈ ಮೂರನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಎಣ್ಣೆ ತರಲು ಹೋಗುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲೋ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಆ ಪಟ್ಟಿ ತೋರಿಸಿ ಕೇಳಿ. ಅಕ್ಕಪಕ್ಕದ ನಾಲ್ಕು ಹೊಲದವರು ಒಂದೇ ವಾರ ಎಣಿಸಿ ಪಟ್ಟಿ ಹೋಲಿಸಿದರೆ ಹುಳು ಯಾವ ಕಡೆಯಿಂದ ಏರುತ್ತಿದೆ ಎಂಬುದೂ ತಿಳಿಯುತ್ತದೆ. ಹೊಡೆಯಬೇಕಾದ ಹೊಲ ಯಾವುದು, ಬಿಡಬಹುದಾದ ಹೊಲ ಯಾವುದು ಎಂದು ಆಗ ಧೈರ್ಯವಾಗಿ ಹೇಳಬಹುದು.