ಫಿಲೆಮೋನನಿಗೆ ಬರೆದ ಪತ್ರ: ಓಡಿಹೋದ ದಾಸನೆಂಬ ಊಹೆ

ಹೊಸ ಒಡಂಬಡಿಕೆಯಲ್ಲಿ ಪೌಲನ ಹೆಸರಿನಲ್ಲಿರುವ 13 ಪತ್ರಗಳ ಪೈಕಿ ಫಿಲೆಮೋನನಿಗೆ ಬರೆದುದು ಅತ್ಯಂತ ಚಿಕ್ಕದು. ಅದರಲ್ಲಿರುವುದು 25 ವಚನಗಳು ಮಾತ್ರ. ಇದು ಪೌಲನದೇ ಕೃತಿಯೆಂಬುದರಲ್ಲಿ ವಿದ್ವಾಂಸರಿಗೆ ಬಹುಮಟ್ಟಿಗೆ ಸಂದೇಹವಿಲ್ಲ. ಸೆರೆಯಲ್ಲಿದ್ದ ತನ್ನ ಬಳಿ ಬಂದು ಕ್ರೈಸ್ತನಾದ ಒನೇಸಿಮನೆಂಬ ದಾಸನನ್ನು ಒಡೆಯನಾದ ಫಿಲೆಮೋನನಲ್ಲಿಗೆ ಹಿಂದಿರುಗಿಸುವಾಗ ಪೌಲನು ಇದನ್ನು ಬರೆದನು.

ಒನೇಸಿಮನು ಕಳವು ಮಾಡಿ ಓಡಿಹೋಗಿದ್ದನೆಂಬ ವಿವರಣೆ ನಾಲ್ಕನೆಯ ಶತಮಾನದ ಜಾನ್ ಕ್ರಿಸೊಸ್ಟಮನ ಪ್ರವಚನಗಳ ಕಾಲದಿಂದಲೂ ರೂಢಿಯಲ್ಲಿದೆ. ಆದರೆ ಪತ್ರದಲ್ಲಿ ಹಾಗೆಂಬ ಮಾತು ಎಲ್ಲಿಯೂ ಇಲ್ಲ. ಅವನು ಅಗಲಿದ ಸಂಗತಿಯನ್ನು ಹೇಳುವ 15ನೆಯ ವಚನದ ಗ್ರೀಕ್ ಕ್ರಿಯಾಪದ ಕರ್ಮಣಿ ರೂಪದ್ದು. 18ನೆಯ ವಚನದಲ್ಲಿ ನಷ್ಟದ ಪ್ರಸ್ತಾಪ ಬರುವುದು ಷರತ್ತಿನ ವಾಕ್ಯದಲ್ಲಿ. ಮುಂದಿನ ತಲೆಮಾರಿನ ರೋಮನ್ ಲೇಖಕ ಕಿರಿಯ ಪ್ಲಿನಿಯು ಬಿಡುಗಡೆ ಪಡೆದಿದ್ದ ದಾಸನೊಬ್ಬನ ಪರವಾಗಿ ಸಬಿನಿಯಾನನಿಗೆ ಬರೆದ ಪತ್ರವನ್ನು ಇದರೊಡನೆ ಇಟ್ಟು ನೋಡಬೇಕು. ಅಲ್ಲಿ ಕಣ್ಣೀರು, ಪಶ್ಚಾತ್ತಾಪ, ಕ್ಷಮಾಯಾಚನೆ ಎಲ್ಲವೂ ಇವೆ. ಒನೇಸಿಮನ ಪಶ್ಚಾತ್ತಾಪದ ಬಗ್ಗೆ ಪೌಲನು ಒಂದಕ್ಷರವನ್ನೂ ಬರೆದಿಲ್ಲ.

ಒಡೆಯನ ಕೋಪವನ್ನು ಶಮನಗೊಳಿಸಲು ಅವನ ಮಿತ್ರನ ಮೊರೆಹೊಕ್ಕ ದಾಸನನ್ನು ರೋಮನ್ ನ್ಯಾಯವೇತ್ತರು ಪಲಾಯನಗೈದವನೆಂದು ಎಣಿಸುತ್ತಿರಲಿಲ್ಲ ಎಂಬುದನ್ನು ಆಧರಿಸಿ, 1985ರಲ್ಲಿ ಪೀಟರ್ ಲಾಂಪೆ ಒನೇಸಿಮನೂ ಅಂಥವನೇ ಎಂದು ವಾದಿಸಿದರು. ಈ ವಾದವೇ ಹೆಚ್ಚು ಯುಕ್ತವೆಂದು ತೋರುತ್ತದೆ. ಪೌಲನ ಸೆರೆವಾಸ ದೂರದ ರೋಮಿನಲ್ಲಾಗಿರದೆ, ಫಿಲೆಮೋನನ ಊರೆಂದು ಭಾವಿಸಲಾದ ಕೊಲೊಸ್ಸೆಗೆ ಸಮೀಪದ ಎಫೆಸದಲ್ಲಾಗಿದ್ದರೆ ಅದಕ್ಕೆ ಮತ್ತಷ್ಟು ಬಲ ಬರುತ್ತದೆ.

ಹಳೆಯ ಊಹೆಯ ಪರಿಣಾಮ ಗ್ರಂಥಗಳಿಗೆ ಸೀಮಿತವಾಗಲಿಲ್ಲ. ಅಮೆರಿಕದಲ್ಲಿ ಗುಲಾಮಗಿರಿಯ ಸಮರ್ಥಕರು, ಓಡಿಹೋದವರನ್ನು ಹಿಡಿದೊಪ್ಪಿಸುವ 1850ರ ಕಾಯಿದೆಯ ಪರವಾಗಿಯೂ ಈ ಪತ್ರವನ್ನು ಉದಾಹರಿಸಿದರು. ಅದಕ್ಕೂ ಮೊದಲು ಜಾರ್ಜಿಯಾದ ಪಾದ್ರಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಗುಲಾಮರ ಸಭೆಯಲ್ಲಿ ಇದೇ ಪತ್ರವನ್ನು ಹಿಡಿದು ಪಲಾಯನವನ್ನು ಖಂಡಿಸಿದಾಗ ಅರ್ಧದಷ್ಟು ಮಂದಿ ಎದ್ದು ಹೊರನಡೆದರು. ಅಂಥ ಪತ್ರ ಬೈಬಲಿನಲ್ಲಿಯೇ ಇಲ್ಲವೆಂದು ಕೆಲವರು ಸಾರಿದರು. ಇದನ್ನು ದಾಖಲಿಸಿದವನು ಜೋನ್ಸನೇ. ಪತ್ರವೇನೋ ಇತ್ತು, ಅವನು ಅದರಿಂದ ಓದಿ ಹೇಳಿದ ಪಲಾಯನದ ಕಥೆ ಮಾತ್ರ ಅದರಲ್ಲಿರಲಿಲ್ಲ.

ಕನ್ನಡ ಓದುಗರಿಗೆ ಇನ್ನೊಂದು ತೊಡಕಿದೆ. ಕನ್ನಡ ಬೈಬಲಿನ 'ದಾಸ' ಶಬ್ದಕ್ಕೆ ನಮ್ಮಲ್ಲಿ ಹರಿದಾಸರ ಭಕ್ತಿಯ ಛಾಯೆ ಅಂಟಿಕೊಂಡಿದೆ. ಮೂಲದ ಗ್ರೀಕ್ ಪದ ಇಲ್ಲಿ ಸೂಚಿಸುವುದು ಕೊಂಡು ಮಾರಬಹುದಾದ ಮನುಷ್ಯನನ್ನು. ಅಂಥವನನ್ನು ಸಹೋದರನಂತೆ ಬರಮಾಡಿಕೊಳ್ಳೆಂದು 16ನೆಯ ವಚನ ಕೇಳುತ್ತದೆ. ಬಿಡುಗಡೆಯೆಂಬ ಮಾತನ್ನು ಪೌಲನು ಬಾಯಿಬಿಟ್ಟು ಹೇಳುವುದಿಲ್ಲ. ತಾನು ಹೇಳಿದ್ದಕ್ಕಿಂತ ಹೆಚ್ಚನ್ನೇ ಫಿಲೆಮೋನನು ಮಾಡುವನೆಂಬ ಭರವಸೆಯನ್ನು 21ನೆಯ ವಚನದಲ್ಲಿ ಬರೆದು, ಮರುವಚನದಲ್ಲಿಯೇ ತನ್ನ ಭೇಟಿಗಾಗಿ ಕೋಣೆಯೊಂದನ್ನು ಸಿದ್ಧವಾಗಿಡಲು ಸೂಚಿಸುತ್ತಾನೆ.